ಹಿತ್ತಲಲ್ಲಿ ಕಾರು, ಬಾವಿಯಲ್ಲಿ ಎಣ್ಣೆ

ಕಾರು ಇದ್ದವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟ. ಆ ಕಾರಿನ ಕೆಳಗೆ ತಾವೇ ಮಲಗಿ ರಿಪೇರಿ ಮಾಡುವವರಿಗೆ ಇನ್ನೂ ಕಷ್ಟ. ಐವತ್ತರ ದಶಕದ ಕೊನೆಯಲ್ಲಿ ಅಜ್ಜಂಪುರಕ್ಕೆ ಬರುವ ಹೊತ್ತಿಗೆ ನನಗೆ ಇದು ಚೆನ್ನಾಗಿ ಅರ್ಥವಾಗಿತ್ತು. ಕಡೂರಿನಲ್ಲಿ ಮನೆಯ ಮಾಲೀಕರು, ಕಾರಿನ ಸದ್ದಿಗೆ ತಮ್ಮ ಎಮ್ಮೆ ಸೊರೆ ಬಿಟ್ಟು ಹಾಲು ಕೊಡುತ್ತಿಲ್ಲ ಎಂದು ನಮ್ಮನ್ನು ಬಿಡಿಸಿದರು. ತರೀಕೆರೆಯಲ್ಲಿ ಓಣಿಯಲ್ಲೇ ಕಾರು ನಿಲ್ಲಿಸಬೇಕಾಗಿತ್ತು. ನಮ್ಮ ಯಜಮಾನರು ಅದರ ಮುಂದಿನ ಚಕ್ರಗಳೆರಡನ್ನೂ ಬಿಚ್ಚಿ ಇಟ್ಟಿಗೆಯ ಮೇಲೆ ನಿಲ್ಲಿಸಿದ ದಿನವೇ ಎದುರುಮನೆಗೆ ಮದುವೆಯ ಸಾಮಾನು ಹೇರಿದ ಗಾಡಿಗಳು ಬಂದವು. ಗಾಡಿ ಹೋಗಲು ದಾರಿಯಿಲ್ಲ, ಕಾರು ಸರಿಸಲು ಚಕ್ರವಿಲ್ಲ. ಬೀದಿಯವರೆಲ್ಲ ಏನೇನು ಅಂದರೆಂದು ಈಗ ಹೇಳುವುದಿಲ್ಲ. ಆ ಮನೆಯನ್ನು ನಾವಾಗಿಯೇ ಬಿಟ್ಟೆವು.

ನಮ್ಮ ಯಜಮಾನರು ಎಲ್.ಎಂ.ಪಿ. ಓದಿದ ಡಾಕ್ಟರು. ಸರ್ಕಾರದ ಹಂಗು ಬೇಡವೆಂದು ಸ್ವಂತ ಡಾಕ್ಟರ ಷಾಪು ಇಟ್ಟವರು. ಸುತ್ತಲಿನ ಹಳ್ಳಿಗಳಿಗೆ ಹೋಗಿಬರಲು ಕಾಫಿ ತೋಟದವರೊಬ್ಬರಿಂದ ಒಂದು ಹಳೆಯ ವಿಲಾಯಿತಿ ಕಾರು ಕೊಂಡಿದ್ದರು. ಅದು ಕೆಟ್ಟರೆ ತರೀಕೆರೆಯಲ್ಲಿ ಲಾರಿ ರಿಪೇರಿಯವನಿದ್ದ, ನಿಜ. ಆದರೆ ಕೆಟ್ಟ ಕಾರನ್ನು ಅಲ್ಲಿಗೆ ಒಯ್ಯುವುದು ಹೇಗೆ ಎಂದು ಕೇಳುತ್ತಿದ್ದರು. ಅದು ನೆಪ. ಒಯ್ಯಲು ಆಗುವಂತಿದ್ದರೂ ಅವರು ಒಯ್ಯುತ್ತಿರಲಿಲ್ಲ. ಬೇರೆಯವರು ತಮ್ಮ ಕಾರಿನ ಮೈ ಮುಟ್ಟುವುದನ್ನು ಅವರು ಸಹಿಸುತ್ತಿರಲಿಲ್ಲ.

ಭಾನುವಾರ ಬಂತೆಂದರೆ ನನ್ನ ಅಡಿಗೆಮನೆಯ ಸಾಮಾನು ಒಂದೊಂದಾಗಿ ಕಾಣೆಯಾಗುತ್ತಿತ್ತು. ಬಿಚ್ಚಿದ ನಟ್ಟು ಬೋಲ್ಟು ಕಲೆತುಹೋಗಬಾರದೆಂದು ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಜಾತಿಯದನ್ನು ಇಡುತ್ತಿದ್ದರು. ಕಾರ್ಬೊರೇಟರ್ ನನ್ನ ಮೊರದಲ್ಲಿ. ಪ್ಲಗ್ಗುಗಳು ಉಪ್ಪಿನಕಾಯಿ ಜಾಡಿಯ ಮುಚ್ಚಳದಲ್ಲಿ. ಯಾರಾದರೂ ಜ್ವರವೆಂದು ಹುಡುಕಿಕೊಂಡು ಬಂದರೆ ಕಾರಿನ ಕೆಳಗಿನಿಂದ ಮೊದಲು ಕಾಲು, ಆಮೇಲೆ ಡಾಕ್ಟರು ಹೊರಗೆ ಬರುತ್ತಿದ್ದರು. ಬೂದಿ, ಸೀಗೆಪುಡಿ ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ನಾಡಿ ಹಿಡಿಸಿಕೊಂಡವರು ಆ ಉಗುರುಗಳನ್ನೇ ನೋಡುತ್ತ ಕೂತಿರುತ್ತಿದ್ದರು.

ಅಜ್ಜಂಪುರದಲ್ಲಿ ನಮಗೆ ಮನೆ ಕೊಟ್ಟವರು ಮೆಣಸಿನಕಾಯಿ, ಕಡಲೆಕಾಯಿ ವ್ಯಾಪಾರದ ಸಾಹುಕಾರರು. ಒಂದೇ ಹಿತ್ತಲಿಗೆ ಬೆನ್ನು ಹಾಕಿದ್ದ ಸಾಲುಮನೆಗಳು. ದೊಡ್ಡದು ಅವರದು, ಚಿಕ್ಕವೆಲ್ಲ ಬಾಡಿಗೆಯವು. ಹಿತ್ತಲಿಗೆ ಪಕ್ಕದ ಓಣಿಯಿಂದ ಗಾಡಿ ಬಾಗಿಲಿತ್ತು. ಕಾರನ್ನು ಅಲ್ಲಿ ನಿಲ್ಲಿಸಿಕೊಳ್ಳಿ, ಏನು ಬೇಕಾದರೂ ಬಿಚ್ಚಿಕೊಳ್ಳಿ, ಆದರೆ ಬಾವಿಯ ಹತ್ತಿರ ಮಾತ್ರ ತರಬೇಡಿ ಎಂದು ಸಾಹುಕಾರರು ಮೊದಲೇ ಹೇಳಿದ್ದರು. ನ್ಯಾಯವಾದ ಮಾತು. ನಮ್ಮ ಬೀದಿಯ ಬಾವಿಗಳೆಲ್ಲ ಸವುಳು. ಬೇಳೆ ಬೇಯುವ ನೀರು ಇದ್ದದ್ದು ಅದೊಂದರಲ್ಲೇ. ಹಿತ್ತಲಿನ ಎಲ್ಲ ಮನೆಗಳೂ ಅದನ್ನೇ ಕುಡಿಯುತ್ತಿದ್ದವು.

ನಮ್ಮವರು ಮಾತು ಉಳಿಸಿಕೊಂಡರು. ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯುವುದನ್ನು ಬಾವಿಯಿಂದ ದೂರ, ಗಾಡಿ ಬಾಗಿಲ ಬಳಿಯ ಕಲ್ಲಿನ ಮೇಲೆ ಇಟ್ಟುಕೊಂಡರು. ಇಂಜಿನ್ನಿನಿಂದ ಇಳಿಸಿದ ಕರೀ ಎಣ್ಣೆಯನ್ನು ನೆಲಕ್ಕೆ ಒಂದು ಹನಿ ಬೀಳದಂತೆ ಹಿಡಿದು ಹಳೆಯ ಡಬ್ಬದಲ್ಲಿ ತುಂಬಿಡುತ್ತಿದ್ದರು. ಅದು ಉಳಿಯುತ್ತಲೂ ಇರಲಿಲ್ಲ. ಶಿವನಿ ಕಡೆಯಿಂದ ಸಂತೆಗೆ ಬಂದ ಗಾಡಿಯವರು ತಾವಾಗಿಯೇ ಬಂದು, ಗಾಡಿಯ ಅಚ್ಚಿಗೆ ಹಚ್ಚಲು ತೆಂಗಿನ ಚಿಪ್ಪಿನಲ್ಲಿ ಹಾಕಿಸಿಕೊಂಡು ಹೋಗುತ್ತಿದ್ದರು. ನಾನು ಆ ಮನೆಯಲ್ಲಿ ಮೊದಲ ಸಲ ಗೋಡೆಗೆ ಮೊಳೆ ಹೊಡೆದು ಪಟ ತೂಗುಹಾಕಿದೆ. ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸಾಹುಕಾರರು ಶಿವಪೂಜೆಗೆಂದು ತಂಬಿಗೆಯಲ್ಲಿ ನೀರು ತಂದಿಟ್ಟುಕೊಂಡರೆ, ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಮೂಸಿದರೆ ಎಣ್ಣೆಯ ವಾಸನೆ. ಅವರು ಕೂಗಾಡಲಿಲ್ಲ. ತಂಬಿಗೆಯನ್ನು ಹಾಗೇ ತಂದು ನಮ್ಮ ಹಿತ್ತಲ ಬಾಗಿಲ ಮುಂದೆ ಇಟ್ಟು ಹೋದರು. ನಮ್ಮವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಬೆರಳದ್ದಿ ಮೂಸಿ, ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಬಾವಿಗೆ ಔಷಧಿ ಹಾಕಿಸಿ, ನೀರು ಕಾಯಿಸಿ ಕುಡಿಯಿರಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಮನುಷ್ಯನ ಕಾರಿನಿಂದ ಬಾವಿ ಕೆಟ್ಟಿತು ಎಂದರೆ ಹೇಗಿರಬೇಡ.

ಸಾಹುಕಾರರು ಆಳು ಹಚ್ಚಿ ಬಾವಿಯ ನೀರೆಲ್ಲ ಎತ್ತಿಸಿದರು. ನಮ್ಮವರೂ ಪಂಚೆ ಎತ್ತಿ ಕಟ್ಟಿ ಅವರ ಜೊತೆ ನಿಂತು ಹಗ್ಗ ಎಳೆದರು. ಅವತ್ತಿನಿಂದ ಕಾರಿಗೆ ಟಾರ್ಪಾಲು ಹೊದಿಸಿ, ಸೈಕಲ್ಲಿನ ಮೇಲೆ ಹಳ್ಳಿಗಳಿಗೆ ಹೋಗತೊಡಗಿದರು. ಹೊಸ ನೀರು ಊರಿತು, ಚೆನ್ನಾಗಿಯೇ ಇತ್ತು. ಸದ್ಯ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಅದೇ ಪೊರೆ, ಅದೇ ವಾಸನೆ.

ಈ ಸಲ ಸಾಹುಕಾರರು ಒಳಗೆ ಬಂದು ಕೂತರು. ಮೇಲೆ ಚೆಲ್ಲಿದ್ದು ಮಣ್ಣಿಗಿಳಿದು ಈಗ ಬಾವಿಗೆ ಜಿನುಗುತ್ತಿದೆ ಎಂಬುದು ಅವರ ಲೆಕ್ಕಾಚಾರ. ನಾನು ಕಾಫಿ ಕೊಟ್ಟರೆ ಮುಟ್ಟಲಿಲ್ಲ.

"ಈ ತಿಂಗ್ಳು ಮುಗಿಯಾದ್ರೊಳಗೆ ಬ್ಯಾರೆ ಮನೆ ನೋಡ್ಕಳ್ರಿ ಡಾಕ್ಟ್ರೇ. ನಿಮ್ಮ ಮ್ಯಾಲೆ ನಂಗೆ ಸಿಟ್ಟಿಲ್ಲ. ನೀರಿನ ವಿಷ್ಯ ಕಣ್ರೀ ಇದು," ಎಂದರು.

ಸಿಟ್ಟು ಮಾಡಿಕೊಂಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ. ಹಿತ್ತಲಿನ ಹೆಂಗಸರು ನನ್ನೊಡನೆ ಜಗಳಕ್ಕೇನೂ ಬರಲಿಲ್ಲ. ನಾನು ಬಾವಿಯ ಹತ್ತಿರ ಹೋದರೆ ತಮ್ಮ ಕೊಡಗಳನ್ನು ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಒಂದು ದಿನ ಪಕ್ಕದ ಮನೆಯವಳಿಗೆ ಸೊಂಟ ನೋವೆಂದು ನಾನೇ ಅವಳ ಕೊಡ ತುಂಬಿಸಿ ಕೊಟ್ಟೆ. ನಾನು ಈಚೆ ತಿರುಗಿದ ಮೇಲೆ ಅದನ್ನು ಬಾಳೆಯ ಬುಡಕ್ಕೆ ಸುರಿದಳು. ಅದು ನನಗೆ ಕೇಳಿಸಿತು. ಒಳಗೆ ಬಂದು ಇಡ್ಲಿ ತಟ್ಟೆಗಳನ್ನೆಲ್ಲ ನೆಲಕ್ಕೆ ಎಸೆದೆ. ನಮ್ಮವರು ಬಗ್ಗಿ ಅವನ್ನು ಒಂದೊಂದಾಗಿ ಆರಿಸಿ ಇಟ್ಟರು.

ಮನೆ ಹುಡುಕಿದರು. ಎಲ್ಲಿ ಹೋದರೂ ಬಾವಿ ಕೆಡಿಸಿದ ಡಾಕ್ಟರೆಂಬ ಸುದ್ದಿ ಅವರಿಗಿಂತ ಮುಂಚೆ ಹೋಗಿರುತ್ತಿತ್ತು. ಊರೇ ಬಿಡಬೇಕಾಗುತ್ತದೆ, ಷಾಪೂ ಮುಚ್ಚಬೇಕಾಗುತ್ತದೆ ಎಂದು ಅವರು ಊಟದ ನಡುವೆ ಹೇಳಿದರು.

ಮಾರನೆಯ ಮಧ್ಯಾಹ್ನ, ಯಾರೂ ಇರದ ಹೊತ್ತು ನೋಡಿಕೊಂಡು ನೀರಿಗೆ ಹೋದೆ. ಹಗ್ಗ ಬಿಟ್ಟೆ; ಕೊಡ ಸರ್ರನೆ ಇಳಿದು ನೀರು ಮುಟ್ಟಿತು. ಎಳೆದೆ, ಸದ್ದಿಲ್ಲದೆ ಮೇಲೆ ಬಂತು. ಆಗ ಹೊಳೆಯಿತು. ನಾವು ಬಂದಾಗಿನಿಂದ ಆ ಬಾವಿಯ ರಾಟೆ ಹಗ್ಗ ಎಳೆದರೆ ಸಾಕು, ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಅದರ ಬಾಯಿ ಯಾವಾಗ ಕಟ್ಟಿತೆಂದು ನನಗೆ ನೆನಪೇ ಆಗಲಿಲ್ಲ. ಅಂಗೈ ನೋಡಿಕೊಂಡರೆ ಕರ್ರಗೆ ಜಿಡ್ಡು. ತಲೆಯೆತ್ತಿ ನೋಡಿದೆ. ರಾಟೆಯ ಅಚ್ಚಿನ ಸುತ್ತ ಕರೀ ಎಣ್ಣೆ ತೊಟ್ಟಿಕ್ಕುವಂತೆ ನಿಂತಿತ್ತು. ಅಲ್ಲಿಂದ ಹಗ್ಗಕ್ಕೆ, ಹಗ್ಗದಿಂದ ನೀರಿಗೆ.

ಬಾವಿ ಕೆಟ್ಟ ಕಾರಣ ಸಿಕ್ಕಿತೆಂದು ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ನಮ್ಮವರ ಗುಣ ನನಗೆ ಗೊತ್ತು. ಎಲ್ಲಿ ಏನು ಕಿರುಗುಟ್ಟಿದರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ರೋಗಿಯನ್ನು ನೋಡಲು ಹೋದ ಮನೆಯಲ್ಲಿ ಕದದ ತಿರುಗಣಿಗೆ ಎಣ್ಣೆ ಬಿಟ್ಟು ಬಂದವರು ಅವರು.

ಕೈ ತೊಳೆಯದೆ ಹಾಗೇ ಒಳಗೆ ಹೋಗಿ ನಮ್ಮವರ ಮುಂದೆ ಅಂಗೈ ಚಾಚಿದೆ. ಮೂಸಿ ನೋಡಿ, ಇದು ನಮ್ಮ ಇಂಜಿನ್ನಿನದೇ ಎಂದರು. ರಾಟೆಗೆ ಹಾಕಿದಿರಾ ಎಂದು ಕೇಳಿದೆ.

"ಇಲ್ಲ ಕಣೇ. ಕುಡಿಯೋ ನೀರಿನ ಬಾವಿಗೆ ಯಾರಾದರೂ ಈ ಎಣ್ಣೆ ಹಾಕ್ತಾರೇನೇ? ಹಾಕೋದಾದ್ರೆ ಹರಳೆಣ್ಣೆ ಹಾಕ್ತಿದ್ದೆ."

ನಂಬಿದೆ. ಆದರೆ ನಾನು ನಂಬಿ ಏನು ಪ್ರಯೋಜನ? ಆ ಎಣ್ಣೆ ಇರುವುದು ಇಡೀ ಬೀದಿಯಲ್ಲಿ ನಮ್ಮ ಡಬ್ಬದಲ್ಲಿ ಮಾತ್ರ. ರಾಟೆ ತೋರಿಸಿದರೆ ನಮ್ಮ ಕೊರಳಿಗೆ ನಾವೇ ಹಗ್ಗ ಹಾಕಿಕೊಂಡಂತೆ. ಸದ್ದಿಲ್ಲದೆ ಒರೆಸಿಬಿಟ್ಟು ಸುಮ್ಮನಿದ್ದರೆ ಬಾವಿ ಉಳಿಯುತ್ತಿತ್ತು, ಕೆಟ್ಟ ಹೆಸರೂ ಉಳಿಯುತ್ತಿತ್ತು. ಹೇಳೋಣ, ನಾನೇ ಹೋಗುತ್ತೇನೆ ಎಂದು ಅವರು ಅಂಗಿ ಹಾಕಿಕೊಂಡರು. ಬೇಡವೆಂದೆ. ಅವರು ಹೋದರೆ ಇಂಜಿನ್ ಅಂದರೇನು ಎಂಬಲ್ಲಿಂದ ಶುರುಮಾಡುತ್ತಿದ್ದರು.

ಸಾಹುಕಾರರ ತಾಯಿಯನ್ನು ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು. ಬಾಣಂತನಕ್ಕೆ ಬಂದಿದ್ದ ಮೊಮ್ಮಗಳ ಕೂಸನ್ನು ಹಿಂದಿನ ಪಡಸಾಲೆಯಲ್ಲಿ ತೊಟ್ಟಿಲಿಗೆ ಹಾಕಿ, ನಶ್ಯ ಏರಿಸುತ್ತ ತೂಗುತ್ತಿದ್ದರು. ಸಾಹುಕಾರರು ಒಳಗೆ ಊಟಕ್ಕೆ ಕೂತಿದ್ದರು. ನಾನು ಕೈ ಮುಂದೆ ಹಿಡಿದು, ರಾಟೆಯದು ಎಂದೆ. ದೊಡ್ಡವ್ವ ನನ್ನ ಅಂಗೈಯನ್ನು ಬೆರಳಿನಿಂದ ಸವರಿ ನೋಡಿದರು. ಬಾವಿಯ ಕಡೆ ನೋಡಿದರು. ತೊಟ್ಟಿಲ ಹಗ್ಗ ಅವರ ಕೈಯಿಂದ ಜಾರಿತು.

"ಅಯ್ಯೋ ತಾಯಿ, ಇದುನ್ನ ಹಾಕ್ದೋಳು ನಾನು ಕಣವ್ವ," ಎಂದರು.

ರಾಟೆ ಕಿರುಚಿದಾಗಲೆಲ್ಲ ಕೂಸು ಬೆಚ್ಚಿಬಿದ್ದು ಅಳುತ್ತಿತ್ತಂತೆ. ಹರಳೆಣ್ಣೆ ಹಾಕಿದರೆ ಬಿಸಿಲಿಗೆ ಒಂದೇ ದಿನದಲ್ಲಿ ಒಣಗಿಹೋಗುತ್ತಿತ್ತು. ಗಾಡಿಯವರು ನಮ್ಮ ಡಬ್ಬದ ಎಣ್ಣೆ ಹಚ್ಚಿಕೊಂಡು ಸದ್ದಿಲ್ಲದೆ ಹೋಗುವುದನ್ನು ನೋಡಿದ್ದರು. ಎಲ್ಲರೂ ಮಲಗಿದ ಮಧ್ಯಾಹ್ನ ಒಂದು ಚಿಪ್ಪು ಅದ್ದಿ ತಂದು ಸುರಿದರು. ಕೂಸು ನಿದ್ದೆ ಮಾಡಿತು. ಬಾವಿ ಎತ್ತಿಸಿದ ಮೇಲೆ ರಾಟೆ ಮತ್ತೆ ಕಿರುಗುಟ್ಟತೊಡಗಿದಾಗ ಮತ್ತೆ ಸುರಿದರು. ನಶ್ಯದ ಮೂಗಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ನೀರಿನಲ್ಲಿ ಎಣ್ಣೆ ಎಂದು ಎಲ್ಲರೂ ಹೇಳಿದಾಗ, ಕಾರಿನದು ಎಂದು ಅವರೂ ನಂಬಿದ್ದರು. ಗಾಡಿ ಎಣ್ಣೆಯೂ ಕಾರಿನ ಎಣ್ಣೆಯೂ ಒಂದೇ ಎಂಬುದು ಅವರಿಗೆ ಆ ಗಳಿಗೆಯವರೆಗೆ ಹೊಳೆದೇ ಇರಲಿಲ್ಲ.

ಸಾಹುಕಾರರು ಎಂಜಲು ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ದೊಡ್ಡವ್ವನವರು ಸುಮ್ಮನಾಗಬಹುದಿತ್ತು, ನಾನೂ ಹೊರಗೆ ಹೇಳುತ್ತಿರಲಿಲ್ಲವೇನೋ. ಅವರು ಮಗನ ಕಡೆ ತಿರುಗಿ, ಅಷ್ಟರಲ್ಲಿ ನೀರಿಗೆ ಬಂದಿದ್ದ ಹೆಂಗಸರಿಗೂ ಕೇಳುವ ಹಾಗೆ ಹೇಳಿದರು:

"ಬಾವಿ ಕೆಡಿಸ್ದೋಳು ನಾನು ಕಣೋ. ಮನೆ ಬಿಡ್ಸಾದಾದ್ರೆ ನನ್ನ ಬಿಡ್ಸು."

ಸಾಹುಕಾರರು ಕೈ ತೊಳೆದು ನೇರವಾಗಿ ನಮ್ಮ ಮನೆಗೆ ಹೋದರು. ತಪ್ಪಾಯಿತು ಎನ್ನುವುದು ಅವರ ಬಾಯಲ್ಲಿ ಬರುವ ಮಾತಲ್ಲ. ಆ ರಾಟೆಯನ್ನು ಕೆಳಗಿಳಿಸಿ ತೊಳೆಯಬೇಕಲ್ಲ ಡಾಕ್ಟರೇ, ನಿಮಗಾದರೆ ಕೆಲಸ ಗೊತ್ತು ಎಂದರು. ಅದೇ ತಪ್ಪೊಪ್ಪಿಗೆ. ನಮ್ಮವರು ನಟ್ಟು ಬಿಚ್ಚುವ ಪಾನ ಹಿಡಿದು ಕಟ್ಟೆ ಹತ್ತಿ ರಾಟೆ ಬಿಚ್ಚಿದರು. ಎಲ್ಲಿ ತೊಳೆಯಲಿ ಎಂದು ಕೇಳಿದರೆ ಸಾಹುಕಾರರು ತಮ್ಮ ಮನೆಯ ಮುಂದಿನ ಜಗುಲಿಯನ್ನೇ ತೋರಿಸಿದರು. ಬೀದಿಯಲ್ಲಿ ಹೋಗಿಬರುವವರೆಲ್ಲ ನೋಡುವಂತೆ ಡಾಕ್ಟರು ಅಲ್ಲಿ ಕೂತು ಸೀಮೆಎಣ್ಣೆಯಲ್ಲಿ ತಿಕ್ಕಿದರು, ಸಾಹುಕಾರರು ಪಕ್ಕದಲ್ಲಿ ನಿಂತು ಬಟ್ಟೆ ಕೊಟ್ಟರು. ಹೊಸ ಹಗ್ಗ ಬಂತು. ಬಾವಿಯನ್ನು ಇನ್ನೊಂದು ಸಲ ಪೂರ್ತಿ ಎತ್ತಿಸಿ, ನೀರು ಊರಿ ತಿಳಿಯಾಗಲು ಬಿಟ್ಟರು.

ತಿಳಿಯಾದ ಬೆಳಿಗ್ಗೆ ಕೊಡ ಹಿಡಿದು ಎಲ್ಲ ಮನೆಯ ಹೆಂಗಸರೂ ಬಾವಿಯ ಸುತ್ತ ನಿಂತಿದ್ದರು. ಯಾರೂ ಮೊದಲು ಇಳಿಸಲು ಮುಂದೆ ಬರಲಿಲ್ಲ. ಸಾಹುಕಾರರು ನನ್ನ ಕಡೆ ನೋಡಿ, "ನೀವು ಸೇದ್ರಮ್ಮ," ಎಂದರು. ಸೇದಿದೆ. ಕೊಡ ಕಟ್ಟೆಯ ಮೇಲೆ ಇಡುವ ಮೊದಲೇ ಅವರು ಬಗ್ಗಿ ಎರಡೂ ಕೈ ಬೊಗಸೆ ಮಾಡಿ ನನ್ನ ಮುಂದೆ ಒಡ್ಡಿದರು. ನಾನು ನಿಧಾನವಾಗಿ ಬಗ್ಗಿಸಿದೆ. ನೀರು ಚೆಲ್ಲಿ ಅವರ ತೋಳೆಲ್ಲ ಒದ್ದೆಯಾಯಿತು. ಅವರು ಸಾವಕಾಶವಾಗಿ ಕುಡಿದು, ಹೆಗಲ ಟವೆಲಿನಲ್ಲಿ ಮೀಸೆ ಒರೆಸಿಕೊಂಡು, ನೀರು ಸಿಹಿಯಾಗಿದೆ ಎಂದು ಎಲ್ಲರಿಗೂ ಹೇಳಿದರು.

ಪಕ್ಕದ ಮನೆಯವಳು ಬಂದು ತನ್ನ ಖಾಲಿ ಕೊಡವನ್ನು ನನ್ನ ಮುಂದೆ ಇಟ್ಟಳು. ನಾನು ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ನಾಚಿಕೆಯಿಲ್ಲದೆ ಎಲ್ಲರೆದುರು ಅತ್ತೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಅವಳ ಕೊಡ ತುಂಬಿಸಿದೆ. ಅವಳು ಅದನ್ನು ಸೊಂಟಕ್ಕಿಟ್ಟುಕೊಂಡು, ಬಾಳೆಯ ಗಿಡ ದಾಟಿ, ತನ್ನ ಅಡಿಗೆಮನೆಯ ಒಳಗೆ ಹೋದಳು.