ಡಾಕ್ಟರಿಗೂ ಮೂರೇ ದಿನ

ಗೆಳತಿಯರೇ, ಈಗಷ್ಟೇ ಅರಸೀಕೆರೆಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ನನ್ನ ಸುಸ್ತು ನೋಡಲಾರದೆ ಕರೆದುಕೊಂಡು ಹೋದವರು ನಮ್ಮತ್ತೆ.

"ಬ್ಲೀಡಿಂಗ್ ಎಷ್ಟು ದಿನ ಇರುತ್ತೆ?" ಎಂದರು ಡಾಕ್ಟರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೆಮ್ಮೆಯಿಂದ, "ಮೂರೇ ದಿನ ಡಾಕ್ಟ್ರೇ. ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು ದೇವಸ್ಥಾನದ ನೈವೇದ್ಯಕ್ಕೆ ಇವಳೇ ಅಡುಗೆ ಮಾಡೋದು" ಎಂದರು.

ಐವತ್ತು ಹತ್ತಿರವಾದಾಗಿನಿಂದ ನನಗೆ ಎರಡು ವಾರವಾದರೂ ನಿಲ್ಲುವುದಿಲ್ಲ. ಅಷ್ಟು ದಿನ ಹೊರಗೆ ಕೂರಲಾರದೆ ಮನೆಯಲ್ಲಿ ಮುಚ್ಚಿಟ್ಟಿದ್ದೆ. ಡಾಕ್ಟರ ಮುಂದೆ ಕುರ್ಚಿಯಲ್ಲಿ ಕೂತಿದ್ದಾಗಲೂ ಹೋಗುತ್ತಲೇ ಇತ್ತು.

"ಹೌದೇನಮ್ಮಾ?" ಎಂದು ಡಾಕ್ಟರು ನನ್ನನ್ನೇ ಕೇಳಿದರು.

"ಹೂಂ, ಮೂರೇ" ಎಂದೆ.

ಟಾನಿಕ್ ಬರೆದುಕೊಟ್ಟರು. ಕಣಕಟ್ಟೆ ಬಸ್ಸಿನಲ್ಲಿ ಬಾಟಲಿ ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿಯೇ ಬಂದೆ.

ಅತ್ತೆ ಫೇಸ್‌ಬುಕ್ಕಿನಲ್ಲಿಲ್ಲ. ಇದ್ದಿದ್ದರೆ ಇಲ್ಲೂ ಮೂರೇ ದಿನ ಎಂದು ಬರೆಯುತ್ತಿದ್ದೆ.