ನಾಲ್ಕು ಪಾಯಿಂಟ್ ಎರಡರ ಮಡಿವಾಳಪ್ಪ

ಗಬ್ಬೂರ ಕಡೆ ಮೆಣಸಿನಕಾಯಿ ಇಡೋ ಕೋಲ್ಡ್ ಸ್ಟೋರೇಜಿನ್ಯಾಗ ಮಡಿವಾಳಪ್ಪ ಇಪ್ಪತ್ತೆಂಟು ವರ್ಷದಿಂದ ಮೆಕ್ಯಾನಿಕ್. ಕಂಪ್ರೆಸರಿಗೆ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಕಿಗೆ ಕಿವಿ ಹಚ್ಚಿ, "ಬೇರಿಂಗ್ ಹೋಗೇತಿ" ಅಂತ ಹೇಳೋ ಮನಷಾ. ಹಂತಾವನ ಮುಂದ ಮಾಲಕರ ಮಗಳು ವಾಣಿಶ್ರೀ ಗ್ವಾಡಿಗೆ ಒಂದು ಡಬ್ಬಿ ಹೊಡಿಸಿದ್ಲು. ಒಳಗ ಥಂಡಿ ಎಷ್ಟೈತಿ ಅಂತ ಅದು ಫೋನಿಗೆ ತಿಳಸತೈತಿ.

"ಕಾಕಾ, ಒಂದು ತಿಂಗಳು ಇದನ್ನ ಛಲೋ ನೋಡ್ಕೊಂಡ್ರ ನೀವ ಇರ್ರಿ. ಇಲ್ಲಂದ್ರ ಕೆಲಸ ಹೊರಗಿನ ಕಂಪನಿಗೆ ಕೊಡೋದು ಅಂತ ಅಪ್ಪಾಜಿ ಅಂದಾರ."

ಐವತ್ತಾರು ವಯಸ್ಸಿನ ಮಡಿವಾಳಪ್ಪಗ ಬ್ಯಾರೆ ಕಡೆ ಕೆಲಸ ಯಾರು ಕೊಡ್ತಿದ್ರು? ಚಷ್ಮಾ ಏರಿಸಿ, ಅದರ ಪುಸ್ತಕ ತಿರುವಿ, ಎಷ್ಟು ಡಿಗ್ರಿ ದಾಟಿದ್ರ ಒದರಬೇಕು ಅಂತ ಡಬ್ಬಿಗೆ ಕಲಿಸಿದ. ನೆಟ್‌ವರ್ಕಿನ್ಯಾಗ ಡಬ್ಬಿಗೂ ಒಂದು ಮನಿ ನಂಬರ್ ಇರತೈತಿ, ಅದನ್ನ ಖಾಯಂ ಮಾಡ್ರಿ, ಇಲ್ಲಂದ್ರ ಭಾಳೊತ್ತು ಬಂದ್ ಮಾಡಿ ಎಬ್ಬಿಸಿದಾಗ ಬದಲಾಗಬಹುದು ಅಂತ ಪುಸ್ತಕದಾಗ ದಪ್ಪ ಅಕ್ಷರದಾಗ ಇತ್ತು. 'ಆಮ್ಯಾಲೆ ಮಾಡಿದ್ರಾತು' ಅಂದ. ಡಬ್ಬಿಯಿಂದ ಸುದ್ದಿ ಬರೋದು ನಿಂತ್ರ ಫೋನಿನ್ಯಾಗ ಬಡಕೊಳ್ಳೋ ಗಂಟಿನೂ ಬಂದ್ ಮಾಡಿದ. ಕರೆಂಟ್ ಹೋದಾಗೊಮ್ಮೆ ಅದು ನೆಟ್ಟಗ ರೊಟ್ಟಿ ತಿನ್ನಾಕ ಬಿಡ್ತಿರಲಿಲ್ಲ.

ದಸರಾದ ಖಂಡೆಪೂಜಿ ಬಂತು. ಎಲ್ಲಾ ಬಂದ್ ಮಾಡಿ, ತೊಳದು, ಕಂಪ್ರೆಸರಿಗೆ, ಸ್ಪ್ಯಾನರಿಗೆ, ಡಬ್ಬಿಗೆ ಸುದ್ದಾ ವಿಭೂತಿ ಹಚ್ಚಿ ಚೆಂಡುಹೂ ಏರಿಸಿದ. ಕಾಯಿ ಒಡದು ಮತ್ತ ಚಾಲೂ ಮಾಡಿದ.

ಅವತ್ತಿಂದ ಫೋನಿನ್ಯಾಗ ನಾಲ್ಕು ಪಾಯಿಂಟ್ ಎರಡು. ಮುಂಜಾನೆ ಅಷ್ಟ, ಸಂಜಿಗೆ ಅಷ್ಟ. ಚಾದಂಗಡ್ಯಾಗ ಎಲ್ಲಾರಿಗೂ ತೋರಿಸಿದ. "ಮೂರು ದಿನ ಆತು, ಕೂದಲೆಳಿಯಷ್ಟೂ ಅಲಗಿಲ್ಲ! ಕೈಗುಣ ಅಂದ್ರ ಇದು!" ಸ್ಕ್ರೂಡ್ರೈವರ್ ಮೊಳಿಗೆ ನೇತುಹಾಕಿದ. ಇನ್ನ ಇಂಜಿನಿಯರ್ ಸಾಹೇಬ ಆದಾವಗ ಅದೆಲ್ಲಾ ಯಾಕ ಬೇಕು?

ನಾಕನೇ ದಿನ, ಒಳಗ ಹರದ ಚೀಲ ಹೊಲಿಯೋ ಗುಲ್ಜಾರಬಿ ಹೊರಗ ಬಂದ್ಲು. ಬ್ಯಾಸಗ್ಯಾಗೂ ಗಂಡನ ಹಳೇ ಕೋಟ್ ಬಿಡದಾಕಿ, ಅವತ್ತ ಅದನ್ನ ಬಗಲಾಗ ಹಿಡಕೊಂಡಿದ್ಲು.

"ಕೋಟ್ ಯಾಕ ತಗದ್ಯವಾ?"

"ಸೆಕಿ ಆಗಾಕತ್ತೈತೋ ತಮ್ಮಾ."

ಮಡಿವಾಳಪ್ಪ ನಕ್ಕು ಫೋನ್ ಹಿಡದ. "ನಾಲ್ಕು ಪಾಯಿಂಟ್ ಎರಡು ಐತಿ, ನೋಡಿಲ್ಲೆ."

"ನಿನ್ನ ಫೋನಿಗೆ ಥಂಡಿ ಆಗಿರಬೇಕು. ನನ್ನ ಬೆನ್ನು ಬೆವತೈತಿ."

ಆಗ ಹೊಳೀತು ಹುಚ್ಚಪ್ಯಾಲಿಗೆ. ದಿನಾ ಹತ್ತು ಸಲ ಬಾಗಲಾ ತಗಿಯೋ ಖೋಲ್ಯಾಗ ಥಂಡಿ ಅಲಗದಂಗ ಎಲ್ಲಿ ಇರತೈತಿ! ಪೂಜಿಗೆ ಬಂದ್ ಮಾಡಿದ್ದ ಡಬ್ಬಿ ಹೊಸಾ ನಂಬರಿನ್ಯಾಗ ಎದ್ದಿತ್ತು. ಫೋನ್ ಹಳೇ ಮನಿ ಕದಾ ಬಡೀತಿತ್ತು, ಕಡೀಗೆ ಕೇಳಿದ ಅಂಕಿ ಹಿಡಕೊಂಡು ಕುಂತಿತ್ತು. ಓಡಿ ಹೋಗಿ ನೋಡಿದ್ರ ಒಂದು ಕಂಪ್ರೆಸರಿನ ಬೆಲ್ಟ್ ಹರದಿತ್ತು. ಒಳಗ ಹದಿನಾಲ್ಕು ಡಿಗ್ರಿ. ಮೆಣಸಿನಕಾಯಿ ಇನ್ನೂ ಕೆಟ್ಟಿರಲಿಲ್ಲ, ಪುಣ್ಯಾ.

ಬೆಲ್ಟ್ ಹಾಕಿ, ವಾಣಿಶ್ರೀ ಮುಂದ ಹೋಗಿ ನಿಂತ. ಸುಳ್ಳು ಹೇಳಿದ್ರ ನಡೀತಿತ್ತು.

"ಬೆಲ್ಟ್ ಒಂದಷ್ಟ ತಾನಾಗೇ ಹರದದ್ದವಾ. ಉಳದದ್ದೆಲ್ಲಾ ನನ್ನ ಶ್ಯಾಣ್ಯಾತನ."

ಎಲ್ಲಾ ಕೇಳಿ ಆಕಿ, "ತಿಂಗಳಾ ಇವತ್ತಿಂದ ಮತ್ತ ಎಣಸ್ತೇನಿ ಕಾಕಾ" ಅಂದ್ಲು.

ಆ ಸಂಜಿನ ಡಬ್ಬಿ ನಂಬರ್ ಖಾಯಂ ಮಾಡಿದ, ಗಂಟಿ ಚಾಲೂ ಮಾಡಿದ. ಯಾರ್ಯಾರಿಗೆ ಫೋನ್ ಹೋಗಬೇಕು ಅನ್ನೋ ಪಟ್ಟಿಯೊಳಗ ಮೊದಲು ಗುಲ್ಜಾರಬಿ ನಂಬರ್ ಬರದ, ಆಮ್ಯಾಲೆ ತನ್ನದು.

ಮರುದಿನ ಊಟದ ಹೊತ್ತಿಗೆ ಕರೆಂಟ್ ಹೋಗಿ ಗಂಟಿ ಬಡಕೊಂಡ್ತು. ಮಡಿವಾಳಪ್ಪ ಒಂದು ಕೈಯಾಗ ರೊಟ್ಟಿ, ಒಂದು ಕೈಯಾಗ ಸ್ಕ್ರೂಡ್ರೈವರ್ ಹಿಡಕೊಂಡು ಬಾಗಲಕ್ಕ ಓಡಿದ.

ಒಳಗಿಂದ ಗುಲ್ಜಾರಬಿ ಒದರಿದ್ಲು: "ಕೋಟ್ ಮೈಮ್ಯಾಲೇ ಐತೋ ತಮ್ಮಾ, ಉಣ್ಣು ಹೋಗು!"