ಇಗರ್ಜಿಗೆ ಆತುಕೊಂಡ ಮನೆ

ದೂರು ಕೊಟ್ಟವನು ನಾನು. ಪೀಟರ್ ಅಲ್ಲ. ಜೂಲಿಯಾನಾ ಬಾಯಮ್ಮನ ಮನೆಯ ಕೆಲಸ ನಿಂತದ್ದು, ಆ ಮಳೆಗಾಲದಲ್ಲಿ ಗೋಡೆ ಬಿದ್ದದ್ದು — ಎಲ್ಲದಕ್ಕೂ ಮೊದಲು ನನ್ನ ಬಾಯಿಂದ ಬಂದ ಒಂದು ಸುಳ್ಳಿತ್ತು. ಇಷ್ಟು ಹೇಳಲು ನನಗೆ ಆಯುಷ್ಯವೇ ಹಿಡಿಯಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಚೆಂಬೂರಿನಲ್ಲಿ ಕಾಲೊನಿಗಳು ಮುಗಿಯುವ ಕಡೆ ಆಗಿನ್ನೂ ಒಂದು ಹಳ್ಳಿ ಉಳಿದಿತ್ತು. ಗದ್ದೆ, ತಾಳೆಮರ, ಪೋರ್ಚುಗೀಸರ ಕಾಲದ ಸಣ್ಣ ಚರ್ಚು, ನಮ್ಮ ಬಾಯಲ್ಲಿ ಇಗರ್ಜಿ. ಅದರ ಎದುರಿಗೆ ನನ್ನ ಚಹಾದ ಹೋಟೆಲು. ಉಡುಪಿ ಕಡೆಯಿಂದ ಬಂದು, ಪರೇಲಿನಲ್ಲಿ ಕಂಡವರ ಹೋಟೆಲಿನ ಲೋಟ ತೊಳೆದು, ಕೊನೆಗೆ ನನ್ನದು ಅಂತ ಮಾಡಿಕೊಂಡದ್ದು ಅದೊಂದನ್ನೇ.

ಬಾಯಮ್ಮ ಮಂಗಳೂರಿನವರು. ಗಂಡ ರಿಫೈನರಿಯಲ್ಲಿ ಫಿಟ್ಟರ್. ಅವರ ಮನೆಗೂ ಇಗರ್ಜಿಗೂ ನಡುವೆ ಒಂದೇ ಗೋಡೆ. ಹಳೆಯ ಕಟ್ಟಡವೆಂದು ಸರ್ಕಾರ ಎರಡನ್ನೂ ರಕ್ಷಣೆಗೆ ತೆಗೆದುಕೊಂಡು ಬೋರ್ಡು ನೆಟ್ಟಿತ್ತು — ಒಪ್ಪಿಗೆಯಿಲ್ಲದೆ ಏನನ್ನೂ ಒಡೆಯಬಾರದು, ಕಟ್ಟಬಾರದು. ಯಾರೂ ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ, ಪೀಟರನನ್ನು ಬಿಟ್ಟು. ಪೀಟರ್ ಆ ಹಳ್ಳಿಯಲ್ಲೇ ಹುಟ್ಟಿದವನು, ಇಗರ್ಜಿ ನೋಡಿಕೊಳ್ಳುತ್ತಿದ್ದವನು, ಬಾಯಮ್ಮನ ಮಗಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು. ಕಲ್ಲು ಮುಟ್ಟಬೇಡಿ ಎಂದು ಎಲ್ಲರೊಡನೆ ಜಗಳವಾಡುತ್ತಿದ್ದ.

ಆ ಬೇಸಿಗೆ ಬಾಯಮ್ಮನ ಮನೆಯ ಜಂತಿಗಳಿಗೆ ಗೆದ್ದಲು ಹಿಡಿದು, ಹೆಂಚು ಇಳಿಸಿದರು. ಹಾಗೆಯೇ ಮುಂದಿನ ಜಗಲಿಗೆ ಗೋಡೆ ಎತ್ತಿ ಅಂಗಡಿಕೋಣೆ ಮಾಡುವ ಯೋಚನೆ.

"ಒಬ್ರು ಹೋಟೆಲ್ ಇಡ್ತಾರಂತೆ ಶೆಟ್ರೇ. ನಿಮಗೆ ಬೇಜಾರಿಲ್ಲ ಅಲ್ವಾ?" ಬಾಯಮ್ಮ ತಾವಾಗಿಯೇ ಬಂದು ಕೇಳಿದರು.

"ಎಂತ ಬೇಜಾರು ಬಾಯಮ್ಮ. ಎಲ್ಲರೂ ಬದುಕ್ಬೇಕಲ್ಲ."

ಆ ವಾರವೇ ಲೋಕಲ್ ರೈಲು ಹತ್ತಿ, ಆ ಬೋರ್ಡು ನೆಟ್ಟ ಸರ್ಕಾರಿ ಕಚೇರಿಗೆ ಹೋದೆ. ಇಗರ್ಜಿಯ ಗೋಡೆಗೇ ಪಿಕಾಸಿ ಹಾಕುತ್ತಿದ್ದಾರೆ ಎಂದು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಆ ಗೋಡೆಯನ್ನು ಅವರು ಮುಟ್ಟಿರಲೇ ಇಲ್ಲ. ಹೆಸರು ಕೇಳಿದಾಗ — ಹಳ್ಳಿಯವನು ಎಂದಷ್ಟೇ ಹೇಳಿ ಬಂದೆ.

ಅಧಿಕಾರಿ ಬಂದು ಕೆಲಸ ನಿಲ್ಲಿಸಿದರು. ಒಪ್ಪಿಗೆ ಬರುವ ತನಕ ಹೆಂಚು ಸಹ ಏರಿಸುವಂತಿಲ್ಲ. ಬಾಯಮ್ಮನ ಗಂಡ ಕಚೇರಿಗೆ ಅಲೆದರು. ಒಪ್ಪಿಗೆ ಬರಲಿಲ್ಲ, ಮಳೆ ಬಂತು. ಹೆಂಚಿನ ಬದಲು ಹೊದಿಸಿದ ತಾಡಪಾಲು ಎಷ್ಟು ತಡೆದೀತು? ಮಣ್ಣುಗಾರೆಯ ಗೋಡೆ, ನೆತ್ತಿಯಿಂದ ನೀರು ಕುಡಿಯಿತು. ಒಂದು ಮಧ್ಯಾಹ್ನ ಕುಸಿಯಿತು — ಇಗರ್ಜಿಯ ಒಂದು ಮಗ್ಗುಲನ್ನೂ ಎಳೆದುಕೊಂಡು. ಬಾಯಮ್ಮನ ಗಂಡ ಅಡಿಯಲ್ಲಿದ್ದರು.

ನಾನೂ ಓಡಿದೆ. ಕಲ್ಲು ಎತ್ತಿದೆ, ಕೈ ಒಡೆದು ರಕ್ತ ಬಂತು. ಜನ ಅದನ್ನು ನೋಡಿದರು, ಬಾಯಮ್ಮನೂ ನೋಡಿದರು. ಅವರ ಗಂಡನ ಜೀವ ಉಳಿಯಿತು, ಒಂದು ಕಾಲು ಉಳಿಯಲಿಲ್ಲ. ಅವರು ಮತ್ತೆ ರಿಫೈನರಿಗೆ ಹೋಗಲಿಲ್ಲ.

ಪರೇಲಿನ ಆಸ್ಪತ್ರೆಯ ವರಾಂಡದಲ್ಲಿ ಬಾಯಮ್ಮ ನನ್ನನ್ನು ಕೇಳಿದರು: "ದೂರು ಕೊಟ್ಟದ್ದು ಪೀಟರನೇ ಅಲ್ವಾ ಶೆಟ್ರೇ?"

ಅಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎಂದಾದರೂ —

"ಇರಬಹುದು" ಎಂದೆ.

ದೂರು ಕೊಟ್ಟಾಗ ಹೊಟ್ಟೆಯ ಭಯವಿತ್ತು. ಈ ಮಾತಿಗೆ ಏನಿತ್ತು? ಇಷ್ಟು ವರ್ಷ ಹುಡುಕಿದ್ದೇನೆ. ಏನೂ ಸಿಗುವುದಿಲ್ಲ.

ಬಾಯಮ್ಮನ ಸಂಸಾರ ಮನೆ ಬಿಟ್ಟು ವಸಾಯಿಗೆ ಹೋಯಿತು. ಹಳ್ಳಿಯವರು ಪೀಟರನೊಂದಿಗೆ ಮಾತು ಬಿಟ್ಟರು. ಒಂದು ದಿನ ಅವನು ಹೋಟೆಲಿಗೆ ಬಂದು, ಚಹಾ ಮುಟ್ಟದೆ ಕೂತು ಹೇಳಿದ: "ತುಮ್ ಬೋಲೋ ಶೇಟ್. ತುಮ್ಹಾರಾ ಸುನೇಗಿ." ದೂರು ಅವನದಲ್ಲ ಎಂದು ನಾನು ಹೇಳಿದರಾದರೂ ಬಾಯಮ್ಮ ಕೇಳುತ್ತಾರೆಂದು ನಂಬಿ ಬಂದಿದ್ದ. ಹೇಳುತ್ತೇನೆ ಎಂದೆ. ಹೇಳಲಿಲ್ಲ. ನನ್ನ ಹೋಟೆಲಿಗೆ ಫ್ಯಾನು ಬಂತು, ಮೇಜು ಕುರ್ಚಿ ಬಂದವು. ಪೀಟರ್ ಆ ಅಪವಾದ ಹೊತ್ತುಕೊಂಡೇ ತೀರಿಕೊಂಡ.

ಹೋದ ತಿಂಗಳು ವಸಾಯಿಗೆ ಹೋದೆ. ಬಾಯಮ್ಮನ ಗಂಡ ಈಗಿಲ್ಲ. ಮಗಳ ಬಿಲ್ಡಿಂಗಿನ ನೆಲಮಹಡಿಯ ಮನೆಯಲ್ಲಿ ಕಿಟಕಿಯ ಹತ್ತಿರ ಕೂತಿದ್ದರು. ಗುರುತು ಹಿಡಿದು ನಕ್ಕರು, ಚಹಾ ಮಾಡಲು ಏಳಹೊರಟರು. ಬೇಡ ಎಂದು ಕೂರಿಸಿ ಎಲ್ಲವನ್ನೂ ಹೇಳಿದೆ — ಕಚೇರಿ, ಸುಳ್ಳು, ಆಸ್ಪತ್ರೆಯಲ್ಲಿ ಆಡಿದ ಮಾತು.

ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

"ಪೀಟರ್ ತೀರಿಹೋದಾಗ ಮಗಳು ಮಣ್ಣಿಗೆ ಹೋಗ್ಬೇಕು ಅಂತ ಅತ್ತಿದ್ಳು ಶೆಟ್ರೇ. ಅವಳಿಗೆ ಧರ್ಮತಂದೆ ಅಲ್ವಾ. ನಾನೇ ಬಿಡ್ಲಿಲ್ಲ."

ಆಮೇಲೆ ಅವರೇ ಹೇಳಿದರು: "ಅವಳು ಸಂಜೆ ಕೆಲಸದಿಂದ ಬರ್ತಾಳೆ. ಕೂತ್ಕೊಳ್ಳಿ. ಅವಳಿಗೂ ನೀವೇ ಹೇಳ್ಬೇಕು. ನನ್ನಿಂದ ಆಗುದಿಲ್ಲ."

ಎದ್ದು ಹೋಗಬೇಕೆನಿಸಿತು. ಕೂತೆ.